ಮಾಡಿನ ಹಂಚಿಗೆ ಎಷ್ಟು ಸೌದೆ? ಮಂಗಳೂರು ಹಂಚಿನ ಪರಿಸರ ಲೆಕ್ಕ, ಹಂತ ಹಂತವಾಗಿ

ಮಂಗಳೂರು ಹಂಚಿನ ಬಗ್ಗೆ ಜನ ಎರಡು ಥರ ಮಾತಾಡುತ್ತಾರೆ. ಮಣ್ಣಿನದು, ಮನೆ ತಂಪಾಗಿಡುತ್ತದೆ, ಹಾಗಾಗಿ ಪರಿಸರಕ್ಕೆ ಒಳ್ಳೆಯದು ಎನ್ನುವವರು ಒಂದು ಕಡೆ. ಗದ್ದೆಯ ಮಣ್ಣು ಅಗೆದು, ಮರ ಕಡಿದು ಸುಡುವ ಕಸುಬು ಎನ್ನುವವರು ಇನ್ನೊಂದು ಕಡೆ. ಇವರಲ್ಲಿ ಹೆಚ್ಚಿನವರು ಹಂಚಿನ ಕಾರ್ಖಾನೆಯ ತೂಕದ ಪುಸ್ತಕ ತೆರೆದು ನೋಡಿದವರಲ್ಲ. ಆ ಪುಸ್ತಕ ಓದುವುದು ನಾಲ್ಕೈದು ವಿದ್ಯಾರ್ಥಿಗಳ ತಂಡಕ್ಕೆ ಒಂದು ಸೆಮಿಸ್ಟರಿನಲ್ಲಿ ಆಗುವ ಕೆಲಸ. ಇಂಜಿನಿಯರಿಂಗ್, ಪರಿಸರ ವಿಜ್ಞಾನ, ರಸಾಯನಶಾಸ್ತ್ರ, ಯಾವುದನ್ನು ಓದುತ್ತಿದ್ದರೂ ಸರಿ. ಕೂಡುವುದು, ಗುಣಿಸುವುದು, ಭಾಗಿಸುವುದು ಬಂದರೆ ಸಾಕು, ಜೊತೆಗೆ ಮಣ್ಣಾಗಲು ಅಡ್ಡಿಯಿಲ್ಲದ ಒಂದು ಜೊತೆ ಬಟ್ಟೆ ಇರಲಿ.

ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅದೇ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ನೇತ್ರಾವತಿಯ ದಡದ ಜೇಡಿಮಣ್ಣು, ಸುತ್ತಲಿನ ಸೌದೆ, ಸಾಗಣೆಗೆ ನದಿ ಮತ್ತು ಬಂದರು, ಎಲ್ಲವೂ ಕೈಗೆಟಕುವಂತಿದ್ದವು. ಇಂದು ಉಳಿದಿರುವ ಕಾರ್ಖಾನೆಗಳಿಗೆ ಮಣ್ಣೂ ಸೌದೆಯೂ ದೂರದಿಂದ ಬರಬೇಕಾಗಬಹುದು. ಎಷ್ಟು ದೂರ ಎಂಬುದೇ ನಿಮ್ಮ ಲೆಕ್ಕದ ಒಂದು ಭಾಗ.

ನೀವು ಮಾಡಲಿರುವುದಕ್ಕೆ ಜೀವನಚಕ್ರ ಮೌಲ್ಯಮಾಪನ ಎಂದು ಹೆಸರು. ಮಣ್ಣು ಅಗೆಯುವಲ್ಲಿಂದ ಹಿಡಿದು ಹಂಚು ಒಡೆದು ತೋಟದ ದಾರಿಗೆ ಬೀಳುವವರೆಗೆ ಏನೇನು ಖರ್ಚಾಯಿತು, ಏನೇನು ಹೊರಬಿತ್ತು ಎಂಬುದರ ಲೆಕ್ಕ ಅದು. ಐಎಸ್‌ಒ 14040 ಮತ್ತು 14044 ಎಂಬ ಮಾನಕಗಳು ಇದಕ್ಕೆ ನಾಲ್ಕು ಭಾಗ ಹೇಳುತ್ತವೆ: ಗುರಿ ಮತ್ತು ವ್ಯಾಪ್ತಿ, ದಾಸ್ತಾನು ಪಟ್ಟಿ, ಪರಿಣಾಮದ ಲೆಕ್ಕ, ಅರ್ಥವಿವರಣೆ. ಕಾಗದದ ಮೇಲೆ ಇವು ಒಂದರ ಹಿಂದೆ ಒಂದು ಬರುತ್ತವೆ. ಕೆಲಸಕ್ಕೆ ಇಳಿದಾಗ ಮೂರನೆಯದರಿಂದ ಮೊದಲನೆಯದಕ್ಕೆ ಹಲವು ಸಲ ವಾಪಸ್ ಹೋಗಬೇಕಾಗುತ್ತದೆ.

ಹಂತ 1: ಕಾರ್ಖಾನೆಯವರ ಒಪ್ಪಿಗೆ

ಕಾಲೇಜಿನ ಪತ್ರದೊಂದಿಗೆ ಹೋಗಿ, ಆದರೆ ಮೊದಲ ಭೇಟಿಯಲ್ಲೇ ಅಂಕಿಅಂಶ ಕೇಳಬೇಡಿ. ಹಂಚಿನ ಕಾರ್ಖಾನೆಯ ಮಾಲೀಕರಿಗೆ ‘ಪರಿಸರ’ ಎಂಬ ಮಾತು ಕೇಳಿದರೆ ತಪಾಸಣೆಗೆ ಬರುವ ಅಧಿಕಾರಿಯ ನೆನಪಾಗುತ್ತದೆ. ನೀವು ಯಾಕೆ ಬಂದಿರಿ, ವರದಿ ಯಾರ ಕೈ ಸೇರುತ್ತದೆ, ಕಾರ್ಖಾನೆಯ ಹೆಸರು ಅದರಲ್ಲಿ ಇರುತ್ತದೋ ಇಲ್ಲವೋ, ಇಷ್ಟನ್ನು ಬರೆದುಕೊಡಿ. ಅವರಿಗೇನು ಲಾಭ ಎಂಬುದನ್ನೂ ಹೇಳಿ: ಸಾವಿರ ಹಂಚಿಗೆ ಎಷ್ಟು ಸೌದೆ ಹೋಗುತ್ತಿದೆ, ಎಲ್ಲಿ ಪೋಲಾಗುತ್ತಿದೆ ಎಂಬ ಲೆಕ್ಕ ಅವರಿಗೆ ಉಚಿತವಾಗಿ ಸಿಗುತ್ತದೆ.

ಮಾಲೀಕರಷ್ಟೇ ಮುಖ್ಯವಾದವರು ಇನ್ನಿಬ್ಬರು. ಆಫೀಸಿನಲ್ಲಿ ಪುಸ್ತಕ ಬರೆಯುವ ರೈಟರು ಮತ್ತು ಗೂಡಿಗೆ ಬೆಂಕಿ ಕೊಡುವ ಮೇಸ್ತ್ರಿ. ಪುಸ್ತಕದಲ್ಲಿ ಏನಿದೆ ಎಂಬುದು ರೈಟರಿಗೆ ಗೊತ್ತು, ಏನಿಲ್ಲ ಎಂಬುದು ಮೇಸ್ತ್ರಿಗೆ.

ಹಂತ 2: ಯಾವುದಕ್ಕೆ ಲೆಕ್ಕ?

ತಂಡಗಳು ಎಡವುವುದು ಹೆಚ್ಚಾಗಿ ಇಲ್ಲೇ. ‘ಒಂದು ಹಂಚಿಗೆ ಎಷ್ಟು ಕಾರ್ಬನ್’ ಎಂದು ಶುರುಮಾಡಿದರೆ ಉತ್ತರ ಸಿಗುತ್ತದೆ, ಆದರೆ ಅದರಿಂದ ಯಾರಿಗೂ ಉಪಯೋಗವಿಲ್ಲ. ಯಾರೂ ಒಂದು ಹಂಚನ್ನು ತಲೆ ಮೇಲಿಟ್ಟುಕೊಂಡು ಮಳೆಯಲ್ಲಿ ನಿಲ್ಲುವುದಿಲ್ಲ. ಜನರಿಗೆ ಬೇಕಾದದ್ದು ಮಾಡು. ಆದ್ದರಿಂದ ಘಟಕವನ್ನು ಹೀಗೆ ಬರೆಯಿರಿ: ಕರಾವಳಿಯ ಮಳೆಯನ್ನು 50 ವರ್ಷ ತಡೆಯುವ 1 ಚದರ ಮೀಟರ್ ಮಾಡು.

ಈ ಒಂದು ಸಾಲಿನಲ್ಲಿ ಮೂರು ತೀರ್ಮಾನಗಳಿವೆ. ಮೊದಲನೆಯದು, ವಿಸ್ತೀರ್ಣ ಮಾಡಿನದೋ ನೆಲದ್ದೋ? 30 ಡಿಗ್ರಿ ಇಳಿಜಾರಿನ ಮಾಡು ತಾನು ಮುಚ್ಚುವ ನೆಲಕ್ಕಿಂತ ಸುಮಾರು ಶೇ. 15ರಷ್ಟು ದೊಡ್ಡದು. ಹಂಚಿನ ಮಾಡನ್ನು ಸಮತಟ್ಟಾದ ಕಾಂಕ್ರೀಟ್ ತಾರಸಿಯೊಂದಿಗೆ ಹೋಲಿಸುವುದಾದರೆ ನೆಲದ ಚದರ ಮೀಟರನ್ನೇ ಹಿಡಿಯಬೇಕು. ಎರಡನೆಯದು, ಹಂಚಿನ ಕೆಳಗಿನ ಪಕ್ಕಾಸು, ರೀಪು ಲೆಕ್ಕಕ್ಕೆ ಸೇರುತ್ತವೆಯೇ? ಹೋಲಿಕೆ ಮಾಡುವುದಾದರೆ ಸೇರಲೇಬೇಕು. ಹಂಚು ಭಾರ, ಅದಕ್ಕೆ ಮರ ಹೆಚ್ಚು ಬೇಕು. ತಗಡಿನ ಶೀಟಿಗೆ ಕಡಿಮೆ ಸಾಕು. ಮೂರನೆಯದು, ಎಷ್ಟು ವರ್ಷ? ಇದರ ಮಾತು ಹಂತ 7ರಲ್ಲಿ ಮತ್ತೆ ಬರುತ್ತದೆ.

ಮಂಗಳೂರು ಹಂಚಿಗೆ ಭಾರತೀಯ ಮಾನಕವೊಂದಿದೆ, ಐಎಸ್ 654. ಹಂಚಿನ ಗಾತ್ರ, ನೀರು ಹೀರುವಿಕೆ, ಮುರಿಯುವ ಭಾರ ಎಲ್ಲವನ್ನೂ ಅದರಲ್ಲಿ ನೋಡಬಹುದು. ಸಾಮಾನ್ಯ ಹಂಚು 2ರಿಂದ 3 ಕೆ.ಜಿ. ತೂಗುತ್ತದೆ, ಚದರ ಮೀಟರಿಗೆ ಹೆಚ್ಚುಕಡಿಮೆ 15 ಬೇಕು. ಅಂದರೆ 1 ಚದರ ಮೀಟರ್ ಮಾಡಿನ ಮೇಲೆ ಸುಮಾರು 37 ಕೆ.ಜಿ. ಸುಟ್ಟ ಮಣ್ಣು ಕೂತಿರುತ್ತದೆ. ನಿಮ್ಮ ಕಾರ್ಖಾನೆಯ ಹಂಚನ್ನು ಮಾತ್ರ ನೀವೇ ತೂಗಿ ನೋಡಿ.

ಹಂತ 3: ಗಡಿ ಎಳೆಯಿರಿ

ಒಂದು ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಹಂಚಿನ ದಾರಿಯನ್ನು ಬರೆಯಿರಿ. ಮಣ್ಣು ಅಗೆತ, ಲಾರಿ, ಅಂಗಳದಲ್ಲಿ ರಾಶಿ, ಹದ ಮಾಡುವುದು, ಮಣ್ಣು ನಾದುವ ಪಗ್ ಮಿಲ್, ಪ್ರೆಸ್, ಒಣಗಿಸುವ ಕಪಾಟುಗಳು, ಗೂಡು, ವಿಂಗಡಣೆ, ಮತ್ತೆ ಲಾರಿ, ಮಾಡು, ಕೊನೆಗೆ ಒಡೆದ ಚೂರು. ಪ್ರತಿ ಚೌಕಕ್ಕೂ ಒಳಗೆ ಬರುವುದನ್ನು ಎಡಕ್ಕೆ, ಹೊರಗೆ ಹೋಗುವುದನ್ನು ಬಲಕ್ಕೆ ಗುರುತಿಸಿ. ಬಿಡುವುದನ್ನು ಬಿಡಿ, ಆದರೆ ಬಿಟ್ಟದ್ದನ್ನು ಬರೆದಿಡಿ. ಪ್ರೆಸ್ಸಿನ ಯಂತ್ರ ತಯಾರಿಸಿದಾಗಿನ ಉಕ್ಕಿನ ಲೆಕ್ಕವನ್ನು ಬಿಡಬಹುದು, ಅದು ದಶಕಗಳ ಕಾಲ ಲಕ್ಷಾಂತರ ಹಂಚು ಒತ್ತುತ್ತದೆ. ಸೌದೆ ತಂದ ಲಾರಿಯನ್ನು ಬಿಡುವಂತಿಲ್ಲ.

ಹಂತ 4: ಅಂಕಿ ಸಂಗ್ರಹ

ಸೆಮಿಸ್ಟರಿನ ಅರ್ಧ ಸಮಯ ಇಲ್ಲೇ ಹೋಗಲಿ. ಇಲ್ಲಿ ತಪ್ಪಿದ್ದನ್ನು ಮುಂದೆ ಯಾವ ಸಾಫ್ಟ್‌ವೇರೂ ಸರಿಮಾಡದು.

ಒಂದು ತಿಂಗಳ ಅಂಕಿ ಸಾಲದು, ಪೂರ್ತಿ 12 ತಿಂಗಳದ್ದು ಬೇಕು. ಮಣ್ಣನ್ನು ಬೇಸಿಗೆಯಲ್ಲಿ ಅಗೆದು ಮಳೆಗೆ ಮೊದಲೇ ಅಂಗಳದಲ್ಲಿ ಒಟ್ಟುತ್ತಾರೆ. ಏಪ್ರಿಲ್ ತಿಂಗಳ ಪುಸ್ತಕ ನೋಡಿದರೆ ಒಂದು ಹಂಚಿಗೆ ಹತ್ತು ಕಿಲೋ ಮಣ್ಣು ಬೇಕೇನೋ ಅನಿಸುತ್ತದೆ, ಜುಲೈಯದನ್ನು ನೋಡಿದರೆ ಹಂಚು ಗಾಳಿಯಿಂದಲೇ ಆಗುತ್ತಿದೆಯೇನೋ ಅನಿಸುತ್ತದೆ. ಮಳೆಗಾಲದಲ್ಲಿ ಹಸಿ ಹಂಚು ಒಣಗಲು ಹೆಚ್ಚು ದಿನ ಬೇಕು, ಸೌದೆಗೂ ತೇವ ಏರಿರುತ್ತದೆ. ವರ್ಷದ ಸರಾಸರಿಯಲ್ಲಿ ಮಾತ್ರ ಇವೆಲ್ಲ ಸೇರುತ್ತವೆ.

ವಿದ್ಯುತ್ತಿಗೆ ಮೆಸ್ಕಾಂ ಬಿಲ್ಲುಗಳಿವೆ, ಡೀಸೆಲ್ಲಿಗೆ ಬಂಕಿನ ರಸೀತಿಗಳು. ಇವೆರಡೂ ಸುಲಭ. ಕಷ್ಟದ್ದು ಸೌದೆ. ಅದು ಪುಸ್ತಕದಲ್ಲಿ ‘ಲೋಡು’ ಎಂದಿರುತ್ತದೆ, ಮೇಸ್ತ್ರಿಯ ಬಾಯಲ್ಲಿ ‘ಗೂಡಿನ ಒಂದು ಕೋಣೆಗೆ ಇಷ್ಟು ಗಾಡಿ’ ಎಂದಿರುತ್ತದೆ. ವೇಬ್ರಿಡ್ಜ್ ಚೀಟಿ ಇದ್ದರೆ ಅದನ್ನೇ ನಂಬಿ. ಇಲ್ಲದಿದ್ದರೆ ಕೆಲವು ಗಾಡಿಗಳನ್ನು ನೀವೇ ತೂಗಿಸಿ ಸರಾಸರಿ ತೆಗೆಯಿರಿ. ರಬ್ಬರ್ ಮರದ ಕೊರಡು, ಗೇರು ಸಿಪ್ಪೆ, ಗರಗಸದ ಹುಡಿ ಎಲ್ಲ ಬೆರೆತಿದ್ದರೆ ಬೇರೆ ಬೇರೆಯಾಗಿ ಬರೆದುಕೊಳ್ಳಿ.

ತೂಕದ ಜೊತೆ ತೇವವೂ ಬೇಕು. ರಾಶಿಯ ಮೇಲಿನಿಂದ, ನಡುವಿನಿಂದ, ಅಡಿಯಿಂದ ತುಂಡುಗಳನ್ನು ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಲ್ಯಾಬಿಗೆ ತನ್ನಿ. ತೂಗಿ, 105 ಡಿಗ್ರಿ ಒಲೆಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಮತ್ತೆ ತೂಗಿ. ಶೇ. 20 ತೇವದ ಸೌದೆ ಕಿಲೋಗೆ ಸುಮಾರು 14 ಮೆಗಾಜೂಲ್ ಶಾಖ ಕೊಟ್ಟರೆ ಶೇ. 40 ತೇವದ್ದು ಕೊಡುವುದು ಸುಮಾರು 10. ಹಸಿ ಸೌದೆಗೆ ದುಡ್ಡು ಕೊಡುವ ಮಾಲೀಕರಿಗೆ ಈ ಒಂದು ಅಂಕಿ ನಿಮ್ಮ ಇಡೀ ವರದಿಗಿಂತ ಹೆಚ್ಚು ರುಚಿಸಬಹುದು.

ಇನ್ನು ಮಣ್ಣು. ಪ್ರೆಸ್ಸಿನಿಂದ ಈಗಷ್ಟೇ ಬಿದ್ದ 30 ಹಂಚುಗಳ ಬೆನ್ನಿಗೆ ಮೊಳೆಯಿಂದ 1, 2, 3 ಎಂದು ಗೀರಿ. ಮಣ್ಣು ಮೆತ್ತಗಿರುವಾಗ ಗೀರಿದ್ದು ಗೂಡಿನಿಂದ ಹೊರಬಂದ ಮೇಲೂ ಉಳಿದಿರುತ್ತದೆ. ಹಸಿಯಾಗಿ ಒಮ್ಮೆ, ಒಣಗಿದ ಮೇಲೆ ಒಮ್ಮೆ, ಸುಟ್ಟ ಮೇಲೆ ಒಮ್ಮೆ ತೂಗಿ. ಮೊದಲ ಇಳಿತ ಮಣ್ಣಿನಲ್ಲಿದ್ದ ನೀರು. ಎರಡನೆಯದು ಜೇಡಿಯ ಖನಿಜದೊಳಗೇ ಕಟ್ಟಿಕೊಂಡಿದ್ದ ನೀರು ಮತ್ತು ಸುಟ್ಟುಹೋದ ಬೇರು, ಕಸ. ಎಷ್ಟು ಹಂಚು ದಾರಿಯಲ್ಲೇ ಸೊಟ್ಟಗಾದವು, ಬಿರುಕುಬಿಟ್ಟವು ಎಂಬುದೂ ಇದರಲ್ಲೇ ತಿಳಿಯುತ್ತದೆ. ಮಣ್ಣಿನ ಮೇಲೆ ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟು ನೊರೆ ಬರುತ್ತದೆಯೇ ನೋಡಿ. ಬಂದರೆ ಮಣ್ಣಿನಲ್ಲಿ ಸುಣ್ಣದ ಅಂಶವಿದೆ ಎಂದರ್ಥ, ಸುಡುವಾಗ ಅದರಿಂದಲೂ ಕಾರ್ಬನ್ ಡೈಆಕ್ಸೈಡ್ ಬರುತ್ತದೆ.

ಒಡೆದ ಹಂಚಿನಲ್ಲಿ ಎರಡು ಜಾತಿ. ಸುಡುವ ಮೊದಲೇ ಒಡೆದದ್ದು ಮತ್ತೆ ಪಗ್ ಮಿಲ್ಲಿಗೆ ಹೋಗುತ್ತದೆ, ನಷ್ಟ ಸ್ವಲ್ಪ ಕರೆಂಟು, ಸ್ವಲ್ಪ ಕೂಲಿ. ಸುಟ್ಟ ಮೇಲೆ ಒಡೆದದ್ದು ತಾನು ತಿಂದ ಸೌದೆಯನ್ನೂ ಜೊತೆಗೆ ಒಯ್ಯುತ್ತದೆ. ಅದನ್ನು ಪುಡಿಮಾಡಿ ಸುರ್ಕಿಯಾಗಿ ಮಾರಿದರೂ ಸೌದೆ ವಾಪಸ್ ಬರುವುದಿಲ್ಲ. ಆದ್ದರಿಂದ ಒಟ್ಟು ಖರ್ಚನ್ನು ಗೂಡಿಗೆ ಹಾಕಿದ ಹಂಚಿನಿಂದ ಭಾಗಿಸಬೇಡಿ, ಮಾರಾಟಕ್ಕೆ ಹೋದ ಒಳ್ಳೆಯ ಹಂಚಿನಿಂದ ಭಾಗಿಸಿ.

ಗೂಡು ಯಾವ ಬಗೆಯದು ಎಂಬುದನ್ನೂ ಗುರುತು ಹಾಕಿಕೊಳ್ಳಿ. ಒಂದು ಸಲ ತುಂಬಿಸಿ, ಸುಟ್ಟು, ಆರಿಸಿ, ಖಾಲಿ ಮಾಡುವ ಗೂಡಿನಲ್ಲಿ ಪ್ರತಿ ಸಲ ಗೋಡೆಯನ್ನೂ ಕಾಯಿಸಬೇಕು. ಫ್ರೆಡ್ರಿಕ್ ಹಾಫ್‌ಮನ್ 1858ರಲ್ಲಿ ಪೇಟೆಂಟ್ ಪಡೆದ ಸುತ್ತುಗೂಡಿನಲ್ಲಿ ಬೆಂಕಿ ಕೋಣೆಯಿಂದ ಕೋಣೆಗೆ ಸಾಗುತ್ತದೆ. ಹಿಂದೆ ಆರುತ್ತಿರುವ ಹಂಚಿನ ಶಾಖ ಮುಂದಿನ ಹಂಚನ್ನು ಬಿಸಿಮಾಡುತ್ತದೆ, ಸೌದೆ ಉಳಿಯುತ್ತದೆ. ಆದರೆ ಬೇಡಿಕೆ ಕುಸಿದು ಕೋಣೆಗಳು ಅರ್ಧ ಖಾಲಿ ಓಡಿದರೆ ಆ ಉಳಿತಾಯವೂ ಕರಗುತ್ತದೆ.

ಅದೇ ಗೂಡಿನಲ್ಲಿ ನೆಲದ ಹಂಚು, ಇಟ್ಟಿಗೆಗಳನ್ನೂ ಸುಡುತ್ತಿದ್ದರೆ ಸೌದೆಯನ್ನು ತೂಕದ ಪ್ರಕಾರ ಹಂಚಿ. ಬೆಲೆಯ ಪ್ರಕಾರ ಹಂಚುವ ಪದ್ಧತಿಯೂ ಇದೆ, ಆದರೆ ಬೆಂಕಿಗೆ ಬೆಲೆ ಗೊತ್ತಿಲ್ಲ.

ಹಂತ 5: ಒಂದು ಚದರ ಮೀಟರಿಗೆ ಇಳಿಸಿ

ದಾರಿ ತೋರಿಸಲು ಒಂದು ಕಲ್ಪಿತ ಕಾರ್ಖಾನೆ ಇಟ್ಟುಕೊಳ್ಳೋಣ. ವರ್ಷಕ್ಕೆ 12 ಲಕ್ಷ ಒಳ್ಳೆಯ ಹಂಚು, 720 ಟನ್ ಒಣ ಸೌದೆ, 1,44,000 ಯೂನಿಟ್ ವಿದ್ಯುತ್, 18,000 ಲೀಟರ್ ಡೀಸೆಲ್. ಚದರ ಮೀಟರಿಗೆ 15 ಹಂಚು. ಆಗ 1 ಚದರ ಮೀಟರಿಗೆ 9 ಕೆ.ಜಿ. ಸೌದೆ, 1.8 ಯೂನಿಟ್ ವಿದ್ಯುತ್, 0.225 ಲೀಟರ್ ಡೀಸೆಲ್ ಬರುತ್ತದೆ. ನಿಮ್ಮ ಕಾರ್ಖಾನೆಯ ಅಂಕಿಗಳು ಬೇರೆಯಿರುತ್ತವೆ, ದಾರಿ ಮಾತ್ರ ಇದೇ.

ಹಂತ 6: ಹೊಗೆಯ ಲೆಕ್ಕ

ವಿದ್ಯುತ್ತಿಗೆ ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರಕಟಿಸುವ ಗುಣಾಂಕ ಬಳಸಿ. ಇತ್ತೀಚಿನ ವರ್ಷಗಳಲ್ಲಿ ಅದು ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಕಾರ್ಬನ್ ಡೈಆಕ್ಸೈಡ್. 1.8 ಯೂನಿಟ್ಟಿಗೆ 1.26 ಕೆ.ಜಿ. ಆಯಿತು. ಡೀಸೆಲ್ ಲೀಟರಿಗೆ ಸುಮಾರು 2.68 ಕೆ.ಜಿ., ಅಂದರೆ 0.60.

ಸೌದೆಗೆ ಐಪಿಸಿಸಿಯ 2006ರ ಮಾರ್ಗಸೂಚಿಯಲ್ಲಿ ಅಂಕಿಗಳಿವೆ: ಕಿಲೋಗೆ 15.6 ಮೆಗಾಜೂಲ್, ಪ್ರತಿ ಮೆಗಾಜೂಲಿಗೆ 112 ಗ್ರಾಂ ಕಾರ್ಬನ್ ಡೈಆಕ್ಸೈಡ್, 0.03 ಗ್ರಾಂ ಮೀಥೇನ್, 0.004 ಗ್ರಾಂ ನೈಟ್ರಸ್ ಆಕ್ಸೈಡ್. 9 ಕಿಲೋಗೆ 140 ಮೆಗಾಜೂಲ್. ಭೂಮಿಯನ್ನು ಬಿಸಿಮಾಡುವ ಶಕ್ತಿಯಲ್ಲಿ ಕಾರ್ಬನ್ ಡೈಆಕ್ಸೈಡಿಗೆ ಸಮ ಮಾಡಲು ಮೀಥೇನನ್ನು 27ರಿಂದ, ನೈಟ್ರಸ್ ಆಕ್ಸೈಡನ್ನು 273ರಿಂದ ಗುಣಿಸಿ ಕೂಡಿದರೆ 0.27 ಕೆ.ಜಿ.ಯಷ್ಟು. ಸೌದೆಯ ಕಾರ್ಬನ್ ಡೈಆಕ್ಸೈಡ್ ಒಂದೇ 15.7 ಕೆ.ಜಿ.

ಈಗ ನೋಡಿ. ಮರ ಮತ್ತೆ ಬೆಳೆಯುತ್ತದೆ ಎಂದು ಆ 15.7ನ್ನು ಸೊನ್ನೆ ಎಂದುಕೊಂಡರೆ ಮೊತ್ತ ಸುಮಾರು 2.1 ಕೆ.ಜಿ. ಪೂರ್ತಿ ಸೇರಿಸಿದರೆ ಸುಮಾರು 17.9. ಎಂಟು ಪಟ್ಟಿಗೂ ಹೆಚ್ಚು ಅಂತರ! ವಿದ್ಯುತ್ತಿನ ಮೀಟರನ್ನು ಎಷ್ಟೇ ನಿಖರವಾಗಿ ಓದಿದರೂ ಈ ಅಂತರದ ಮುಂದೆ ಅದು ಲೆಕ್ಕಕ್ಕಿಲ್ಲ. ಹೊಗಳುವವರು, ತೆಗಳುವವರು ಇಬ್ಬರೂ ತಮಗೆ ಬೇಕಾದ ಉತ್ತರವನ್ನು ಇದೇ ಸಂದಿಯಿಂದ ತೆಗೆಯಬಹುದು.

ಹಾಗಾದರೆ ಯಾವುದು ಸರಿ? ಸೌದೆ ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋಗಬೇಕು, ಬೇರೆ ದಾರಿಯಿಲ್ಲ. ಹಾಲು ಬತ್ತಿದ ರಬ್ಬರ್ ತೋಟವನ್ನು ಕಡಿದು ಅಲ್ಲೇ ಮತ್ತೆ ರಬ್ಬರ್ ನೆಟ್ಟಿದ್ದರೆ ಹೊಸ ಮರಗಳು ಆ ಕಾರ್ಬನ್ನನ್ನು ಕೆಲವು ದಶಕಗಳಲ್ಲಿ ವಾಪಸ್ ಹೀರುತ್ತವೆ ಎಂದು ವಾದಿಸಲು ಆಧಾರವಿದೆ. ಗೇರು ಸಿಪ್ಪೆ, ಗರಗಸದ ಹುಡಿ ಹೇಗೂ ಬೇರೊಂದು ಉದ್ಯಮದ ಉಳಿಕೆ. ಗುಡ್ಡದ ಕಾಡು ಕಡಿದು ಬೋಳು ಬಿಟ್ಟಿದ್ದರೆ ಸೊನ್ನೆ ಎನ್ನುವುದು ಸುಳ್ಳು. ಸೌದೆ ವ್ಯಾಪಾರಿಯನ್ನು ಮಾತಾಡಿಸಿ, ಆದರೆ ಒಂದೆರಡು ಜಾಗಗಳನ್ನು ಕಣ್ಣಾರೆ ನೋಡಿ ಬನ್ನಿ. ವರದಿಯಲ್ಲಿ ಎರಡೂ ಅಂಕಿಗಳನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸಿ. ಇಂಗಾಲದ ಹೆಜ್ಜೆಗುರುತಿನ ಮಾನಕ ಐಎಸ್‌ಒ 14067 ಕೂಡ ಇದನ್ನೇ ಕೇಳುತ್ತದೆ.

ಓಪನ್‌ಎಲ್‌ಸಿಎ ಎಂಬ ಉಚಿತ ಸಾಫ್ಟ್‌ವೇರ್ ಇದೆ, ಕಲಿಯಿರಿ. ಮೊದಲ ಸುತ್ತನ್ನು ಮಾತ್ರ ಎಕ್ಸೆಲ್ಲಿನಲ್ಲೇ ಮಾಡಿ. ಯುರೋಪಿನ ಹಂಚಿನ ಅಂಕಿ ಸಾಫ್ಟ್‌ವೇರಿನೊಳಗೆ ಸಿದ್ಧವಾಗಿ ಸಿಕ್ಕರೆ ಸೋಮಾರಿತನಕ್ಕೆ ಅದೇ ಸಾಕು. ಅಲ್ಲಿನ ಗೂಡು ಉರಿಯುವುದು ಹೆಚ್ಚಾಗಿ ನೈಸರ್ಗಿಕ ಅನಿಲದಿಂದ, ರಬ್ಬರ್ ಕೊರಡಿನಿಂದಲ್ಲ.

ಕಾರ್ಬನ್ನಿಗೆ ಸಿಗದ ಕೆಲವು ಸಂಗತಿಗಳಿವೆ, ಅವಕ್ಕೆ ಪ್ರತ್ಯೇಕ ಹಾಳೆ ಇರಲಿ. ಮಣ್ಣು ತೆಗೆದ ಗದ್ದೆ ಈಗ ಹೇಗಿದೆ? ಮೇಲ್ಮಣ್ಣನ್ನು ಬದಿಗಿಟ್ಟು ಮತ್ತೆ ಹರಡಿದರೇ, ಅಥವಾ ಹೊಂಡದಲ್ಲಿ ನೀರು ನಿಂತಿದೆಯೇ? ಪಕ್ಕದ ಬಾವಿಯ ಬಗ್ಗೆ ಮನೆಯವರು ಏನೆನ್ನುತ್ತಾರೆ? ಗೂಡಿನ ಹೊಗೆ ಯಾವ ಹೊತ್ತಿನಲ್ಲಿ ಕಪ್ಪಗಿರುತ್ತದೆ? ಒಣ ಮಣ್ಣಿನ ಧೂಳಿನಲ್ಲಿ ಕೆಲಸ ಮಾಡುವವರ ಮೂಗಿಗೆ ಬಟ್ಟೆಯಾದರೂ ಇದೆಯೇ? ಇವನ್ನೆಲ್ಲ ಒಂದೇ ಅಂಕಿಯಲ್ಲಿ ಅದುಮಲು ಹೋಗಬೇಡಿ. ಫೋಟೊ, ಅಳತೆ, ಕೇಳಿದ ಮಾತು, ಹೀಗೆ ಬರೆದರೆ ಸಾಕು.

ಹಂತ 7: ಅಲುಗಾಡಿಸಿ ನೋಡಿ

ಈಗ ಒಂದೊಂದೇ ಅಂಕಿಯನ್ನು ಬದಲಿಸಿ, ಮೊತ್ತ ಎಷ್ಟು ಅಲ್ಲಾಡುತ್ತದೆ ನೋಡಿ.

ದೂರ: ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿ.ಮೀ. 10 ಟನ್ ಹೊತ್ತ ಲಾರಿ ಲೀಟರಿಗೆ 4 ಕಿ.ಮೀ. ಓಡುತ್ತದೆ ಎಂದುಕೊಂಡರೆ ಚದರ ಮೀಟರಿನ ಹಂಚಿಗೆ 0.9 ಕೆ.ಜಿ.ಯಷ್ಟು ಸೇರುತ್ತದೆ. ಲಾರಿ ಖಾಲಿ ಮರಳಿದರೆ ಇನ್ನೂ ಹೆಚ್ಚು. ಕಾರ್ಖಾನೆಯಿಂದ 20 ಕಿ.ಮೀ. ಒಳಗಿನ ಮನೆಗೆ ಇದು ಲೆಕ್ಕಕ್ಕೇ ಬಾರದು.

ಬಾಳಿಕೆ: 50 ವರ್ಷ ಎಂಬುದು ನಾವು ಹಾಕಿಕೊಂಡ ಅಂಕಿ. 100 ವರ್ಷ ಬಾಳಿದರೆ ವರ್ಷದ ಪಾಲು ಅರ್ಧವಾಗುತ್ತದೆ. ಕರಾವಳಿಯಲ್ಲಿ ಹಳೆಯ ಮನೆ ಬಿಚ್ಚುವಾಗ ಹಂಚನ್ನು ಇಳಿಸಿ, ಪಾಚಿ ಉಜ್ಜಿ, ಬೇರೆ ಮಾಡಿಗೆ ಹೊದಿಸುವುದು ಮಾಮೂಲು. ಹಳೆ ಹಂಚಿನ ವ್ಯಾಪಾರಿಯ ಅಂಗಳದಲ್ಲಿ ಒಂದು ಬೆಳಗ್ಗೆ ಕಳೆಯಿರಿ. ಹಂಚಿನ ಬೆನ್ನಿನ ಮುದ್ರೆ ಓದುವಾಗ ಮಾತ್ರ ಎಚ್ಚರ: ಬಾಸೆಲ್ ಮಿಷನ್ ಹಂಚಿನ ಮೇಲೆ ಕಾಣುವ 1865 ಕಾರ್ಖಾನೆ ಶುರುವಾದ ವರ್ಷ, ಆ ಹಂಚು ಸುಟ್ಟ ವರ್ಷವಲ್ಲ. ಮನೆ ಕಟ್ಟಿದ ವರ್ಷ ಮನೆಯವರ ಕಾಗದಪತ್ರಗಳಲ್ಲಿ ಸಿಗುತ್ತದೆ. ವರ್ಷ ವರ್ಷವೂ ಮಳೆಗೆ ಮೊದಲು ಕೈಯಾಡಿಸುವಾಗ ಎಷ್ಟು ಹಂಚು ಬದಲಿಸುತ್ತಾರೆ ಎಂದೂ ಕೇಳಿ. ತೆಂಗಿನಕಾಯಿ ಬೀಳುವ, ಮಂಗ ಹಾರುವ ಊರಿನಲ್ಲಿ ಆ ಅಂಕಿ ಸಣ್ಣದಿರಲಾರದು.

ಹಂತ 8: ವರದಿ

‘ಹಂಚು ಶೀಟಿಗಿಂತ ಮೇಲು’ ಎಂಬ ಶೀರ್ಷಿಕೆ ಹಾಕುವ ಆಸೆಯನ್ನು ತಡೆದುಕೊಳ್ಳಿ. ಒಂದು ಉತ್ಪನ್ನ ಇನ್ನೊಂದಕ್ಕಿಂತ ಒಳ್ಳೆಯದು ಎಂದು ಸಾರ್ವಜನಿಕವಾಗಿ ಹೇಳಬೇಕಾದರೆ ಹೊರಗಿನ ಪರಿಣತರ ಸಮಿತಿ ಅಧ್ಯಯನವನ್ನು ಪರಿಶೀಲಿಸಿರಬೇಕು ಎನ್ನುತ್ತದೆ ಐಎಸ್‌ಒ 14044. ಸೆಮಿಸ್ಟರ್ ಪ್ರಾಜೆಕ್ಟಿಗೆ ಅದು ಇರುವುದಿಲ್ಲ. ಒಂದು ಕಾರ್ಖಾನೆ, ಒಂದು ವರ್ಷ, ಇಂತಿಂಥ ಊಹೆಗಳು ಎಂದು ಬರೆದರೆ ಸಾಕು, ಅದೇ ಗಟ್ಟಿ. ಊಹೆಗಳನ್ನು ಕೊನೆಯ ಪುಟಕ್ಕೆ ತಳ್ಳದೆ ಮೊತ್ತದ ಪಕ್ಕದಲ್ಲೇ ಇಡಿ.

ಕಾರ್ಖಾನೆಗೆ ಕೊಡುವ ಪ್ರತಿ ಬೇರೆ. ಅದು ಕನ್ನಡದಲ್ಲಿ ಒಂದೇ ಹಾಳೆಯಷ್ಟಿರಲಿ, ಅದರಲ್ಲಿ ಕಾರ್ಬನ್ ಕೊನೆಯ ಸಾಲಿಗೆ ಬರಲಿ. ಮೊದಲು ಬರಬೇಕಾದವು ಸಾವಿರ ಹಂಚಿಗೆ ಎಷ್ಟು ಕಿಲೋ ಸೌದೆ, ಸೌದೆಯ ತೇವ ಬೇಸಿಗೆಯಲ್ಲೆಷ್ಟು ಮಳೆಗಾಲದಲ್ಲೆಷ್ಟು, ಸುಟ್ಟ ಮೇಲೆ ನೂರಕ್ಕೆ ಎಷ್ಟು ಒಡೆಯುತ್ತವೆ ಎಂಬ ಮೂರು ಅಂಕಿಗಳು. ಸೌದೆಗೆ ಒಂದು ಶೆಡ್ ಹಾಕಿದರೆ ಎಷ್ಟು ಲೋಡು ಉಳಿಯಬಹುದು ಎಂಬುದನ್ನು ರೂಪಾಯಿ ಲೆಕ್ಕದಲ್ಲಿ ಬರೆಯಿರಿ. ಜೊತೆಗೆ ಎಕ್ಸೆಲ್ ಕಡತವನ್ನೂ ಕೊಟ್ಟು ಬನ್ನಿ, ಮುಂದಿನ ವರ್ಷದ ಅಂಕಿಗಳನ್ನು ರೈಟರೇ ತುಂಬಿಕೊಳ್ಳಬಹುದು.